ಚಳಿಗಾಲದಲ್ಲಿ ಸೈಕಲ್ ತುಳಿದರೆ ಮಂಡಿ ಹಾಳಾಗುತ್ತದೆಯೇ?

ಪ್ರಶ್ನೆ: ನನಗೆ 42 ವರ್ಷ, ಚಿಕ್ಕಮಗಳೂರಿನಲ್ಲಿ ಶಾಲಾ ಶಿಕ್ಷಕಿ. ಹೋದ ವರ್ಷ 21 ಗೇರಿನ ಸೈಕಲ್ ತೆಗೆದುಕೊಂಡೆ. ವಾರದ ದಿನಗಳಲ್ಲಿ ಬೆಳಿಗ್ಗೆ ಆರು ಗಂಟೆಗೆ ಕಡೂರು ರಸ್ತೆಯಲ್ಲಿ ಒಂದು ಸುತ್ತು. ಭಾನುವಾರ ಗುಡ್ಡದ ಬುಡದ ಕೈಮರ ದಾಟಿ ಸೀತಾಳಯ್ಯನಗಿರಿ ಕಡೆ ಹತ್ತುತ್ತೇನೆ. ಮಳೆಗಾಲ ಮುಗಿಯುವವರೆಗೂ ಏನೂ ತೊಂದರೆ ಇರಲಿಲ್ಲ. ಡಿಸೆಂಬರ್ ಶುರುವಾದ ಮೇಲೆ ಬಲಗಾಲಿನ ಮಂಡಿ ಚಿಪ್ಪಿನ ಕೆಳಗೆ ನೋವು. ಹತ್ತುವಾಗ ಗೊತ್ತಾಗುವುದಿಲ್ಲ. ಇಪ್ಪತ್ತು ಇಪ್ಪತ್ತೈದು ನಿಮಿಷ ಇಳಿದು, ಕೈಮರದಿಂದ ಪೇಟೆ ಕಡೆ ಬರುವಾಗ ಸಣ್ಣ ಏರು ಸಿಕ್ಕಿತೋ, ಚುಚ್ಚಲು ಶುರು. ಮಾರನೇ ದಿನ ಶಾಲೆಯ ಮೆಟ್ಟಿಲು ಇಳಿಯುವಾಗಲೂ ನೋವು. ನಾನು ಹಾಕುವುದು ಮುಕ್ಕಾಲು ಪ್ಯಾಂಟ್. ಮುಂದಿನ, ಪೆಡಲ್ ಪಕ್ಕದ ಸಣ್ಣ ಚೈನ್‌ವೀಲ್‌ಗೆ (ಚೈನ್ ಕೂರುವ ಹಲ್ಲಿನ ಚಕ್ರ) ಹಾಕಿದರೆ ಚೈನ್ ಕಟಕಟ ಎನ್ನುತ್ತದೆ, ಅದಕ್ಕೇ ಮಧ್ಯದ್ದರಲ್ಲೇ ಹತ್ತುತ್ತೇನೆ. ಗೆಳತಿ ಮೆಡಿಕಲ್‌ನಿಂದ ಮಂಡಿಗೆ ಹಾಕುವ ನೀ ಕ್ಯಾಪ್ ತಂದು ಹಾಕಿಕೋ, ಬಾಮ್ ಹಚ್ಚು ಎನ್ನುತ್ತಾಳೆ. ಅತ್ತೆಯವರು, ಚಳಿಯಲ್ಲಿ ಹೀಗೆ ಹೋದರೆ ಸಂಧಿವಾತ ಬರುತ್ತದೆ ಎಂದು ಹೆದರಿಸುತ್ತಾರೆ. ಶಿವರಾತ್ರಿ ಕಳೆಯುವವರೆಗೂ ಸೈಕಲ್ ಮೂಲೆಗೆ ಇಡಲಾ?

ಉತ್ತರ: ಬೇಡ, ಸೈಕಲ್ ಮೂಲೆಗೆ ಇಡಬೇಡಿ. ಎರಡು ಮೂರು ವಾರ ಗುಡ್ಡ ಹತ್ತುವುದನ್ನು ಮಾತ್ರ ಬಿಡಿ. ಸಮತಟ್ಟು ರಸ್ತೆಯಲ್ಲಿ, ಹಗುರ ಗೇರಿನಲ್ಲಿ, ಮಂಡಿ ಮುಚ್ಚಿಕೊಂಡು ತುಳಿಯುತ್ತಾ ಇರಿ.

ನಿಮ್ಮ ಪತ್ರದಲ್ಲಿ ಎರಡು ವಿಷಯ ನನ್ನ ಕಣ್ಣಿಗೆ ಬಿದ್ದವು. ಒಂದು, ನೋವು ಬರುವುದು ಹತ್ತುವಾಗ ಅಲ್ಲ, ಇಳಿದು ಮುಗಿದ ಮೇಲೆ. ಇನ್ನೊಂದು ಆ ಕಟಕಟ ಎನ್ನುವ ಚೈನ್‌ವೀಲ್. ನಿಮ್ಮ ಮಂಡಿಯ ಕಥೆ ಹೆಚ್ಚುಕಡಿಮೆ ಈ ಎರಡರಲ್ಲೇ ಇದೆ. ಚಳಿಯ ಪಾಲೂ ಇದೆ, ಆದರೆ ಚಳಿ ಒಂದೇ ಈ ಕೆಲಸ ಮಾಡಿಲ್ಲ.

ಮೊದಲು ಅತ್ತೆಯವರ ಭಯಕ್ಕೆ ಉತ್ತರ ಹೇಳುತ್ತೇನೆ, ಯಾಕೆಂದರೆ ಮನೆಯಲ್ಲಿ ಆ ಮಾತು ದಿನಾ ಕೇಳಿಸುತ್ತಿದ್ದರೆ ಸೈಕಲ್ ಹತ್ತುವ ಮನಸ್ಸೇ ಬರುವುದಿಲ್ಲ. ಚಳಿಗಾಳಿಯಿಂದ ಸಂಧಿವಾತ ಹುಟ್ಟುವುದಿಲ್ಲ. ಮಂಡಿಯ ಸಂಧಿವಾತ ಎಂದರೆ ಹೆಚ್ಚಾಗಿ ಕೀಲಿನ ಸವೆತ. ಆ ಸವೆತಕ್ಕೆ ವಯಸ್ಸು, ದೇಹದ ತೂಕ, ಹಿಂದೆ ಮಂಡಿಗೆ ಬಿದ್ದ ಪೆಟ್ಟು, ಮನೆತನದಲ್ಲಿ ಬಂದದ್ದು, ವರ್ಷಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಭಾರ ಎತ್ತುವ ಕೆಲಸ, ಇವೆಲ್ಲ ಕಾರಣ. ಆದರೆ ಅತ್ತೆಯವರು ಸುಮ್ನೆ ಹೇಳುತ್ತಿಲ್ಲ. ಈಗಾಗಲೇ ಸವೆತ ಇರುವವರಲ್ಲಿ ತುಂಬಾ ಜನಕ್ಕೆ ಚಳಿಯಲ್ಲಿ ನೋವು, ಬಿಗಿತ ಜಾಸ್ತಿ ಅನ್ನಿಸುವುದು ನಿಜ. ಅವರು ತಮ್ಮ ಮಂಡಿಯಲ್ಲಿ ಕಂಡದ್ದನ್ನೇ ಹೇಳುತ್ತಿರಬಹುದು. ಇನ್ನೊಂದು ವಿಷಯವನ್ನೂ ಅವರಿಗೆ ತಿಳಿಸಿ. ಮಂಡಿ ಸವೆತ ಇದ್ದವರಿಗೆ ವೈದ್ಯರು ಮಾಡಿ ಎಂದು ಹೇಳುವ ವ್ಯಾಯಾಮಗಳಲ್ಲಿ ಸೈಕಲ್ ಕೂಡ ಒಂದು. ದೇಹದ ಭಾರವನ್ನು ಸೀಟು ಹೊರುತ್ತದೆ, ಮಂಡಿ ಆರಾಮಾಗಿ ಮಡಚಿ ಬಿಚ್ಚಿ ಆಡುತ್ತದೆ.

ಹಾಗಾದರೆ ಚಳಿ ಮಂಡಿಗೆ ಏನು ಮಾಡುತ್ತದೆ? ಮಂಡಿಯನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಿ. ತೊಡೆಯಲ್ಲಿ ದಪ್ಪ ಸ್ನಾಯು ಇದೆ, ಮೀನಖಂಡದಲ್ಲೂ ಇದೆ. ಮಂಡಿಯ ಮುಂದೆ ಚರ್ಮ, ಅದರ ಕೆಳಗೇ ಚಿಪ್ಪು. ಮಾಂಸದ ಹೊದಿಕೆ ಇಲ್ಲ, ಕೊಬ್ಬೂ ತೀರಾ ಕಡಿಮೆ. ಸ್ನಾಯು ಕೆಲಸ ಮಾಡುವಾಗ ತಾನೇ ಬಿಸಿ ಹುಟ್ಟಿಸಿಕೊಳ್ಳುತ್ತದೆ. ಚಿಪ್ಪಿಗೆ, ಅದರ ಕೆಳಗಿನ ನಾರುಪಟ್ಟಿಗೆ ಆ ಶಕ್ತಿ ಇಲ್ಲ. ತೊಡೆಯ ಬಲವನ್ನೆಲ್ಲ ಚಿಪ್ಪಿನ ಮೂಲಕ ಮಂಡಿಯ ಕೆಳಗಿನ ಕಾಲಿನ ಮೂಳೆಗೆ ದಾಟಿಸುವುದು ಈ ಪಟ್ಟಿ. ಪಟೆಲ್ಲರ್ ಟೆಂಡನ್ ಎಂದು ವೈದ್ಯರು ಹೇಳುವುದು ಇದನ್ನೇ. ನೀವು ತೋರಿಸಿದ ಜಾಗ ಅದೇ. ಅಲ್ಲಿಗೆ ರಕ್ತದ ಓಡಾಟ ಮೊದಲೇ ಕಡಿಮೆ. ಚಳಿಯಲ್ಲಿ ಚರ್ಮದ ಹತ್ತಿರದ ರಕ್ತನಾಳಗಳು ಕುಗ್ಗಿಕೊಂಡು ಅದೂ ಇಳಿಯುತ್ತದೆ. ತಣ್ಣಗಾದ ನಾರುಪಟ್ಟಿ ಬಿಗಿಯಾಗುತ್ತದೆ. ತಣ್ಣಗಾದ ಸ್ನಾಯು ನಿಧಾನವಾಗಿ ಕುಗ್ಗುತ್ತದೆ, ಬಲವೂ ಸ್ವಲ್ಪ ಕಡಿಮೆ.

ಕೀಲಿನ ಒಳಗೆ ಒಂದು ಜಾರುವ ದ್ರವ ಇದೆ. ತಂಪಾದಾಗ ಅದೂ ಮಂದವಾಗುತ್ತದೆ. ಧನುರ್ಮಾಸದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗುತ್ತದಲ್ಲ, ಹಾಗೆ ಹೆಪ್ಪುಗಟ್ಟುವುದಿಲ್ಲ. ಮೈಯೊಳಗಿನ ಕೀಲು ಅಷ್ಟು ತಣ್ಣಗಾಗುವುದೇ ಇಲ್ಲ. ಸ್ವಲ್ಪ ಮಂದವಾದ ದ್ರವವನ್ನು ಸರಿಮಾಡಲು ಕೆಲವು ನಿಮಿಷ ಮಂಡಿ ಆಡಿಸಿದರೆ ಸಾಕು. ಬೆಳಿಗ್ಗೆ ಎದ್ದಾಗ ಇದ್ದ ಬಿಗಿತ ಹತ್ತು ನಿಮಿಷ ಓಡಾಡಿದ ಮೇಲೆ ಹೋಗುವುದಕ್ಕೆ ಇದೂ ಒಂದು ಕಾರಣ.

ನಮ್ಮೂರಲ್ಲಿ ಅಂಥ ಚಳಿ ಎಲ್ಲಿದೆ ಎಂದು ಹೊರಗಿನವರು ಕೇಳಬಹುದು. ಚಿಕ್ಕಮಗಳೂರು ಪೇಟೆ ಇರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ. ಡಿಸೆಂಬರ್ ಜನವರಿಯ ನಸುಕಿನಲ್ಲಿ 14, 15 ಡಿಗ್ರಿ ಮಾಮೂಲು. ಕೆಲವು ದಿನ ಅದಕ್ಕಿಂತ ಕೆಳಗೂ ಹೋಗುತ್ತದೆ. ಸೀತಾಳಯ್ಯನಗಿರಿಯ ಪಕ್ಕದ ಮುಳ್ಳಯ್ಯನಗಿರಿ ತುದಿ 1,930 ಮೀಟರ್, ಅಂದರೆ ಪೇಟೆಗಿಂತ 840 ಮೀಟರ್ ಮೇಲೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಹಾಗಾಗಿ ಮೇಲೆ ಐದು ಡಿಗ್ರಿಯಷ್ಟು ವ್ಯತ್ಯಾಸ. ಗಾಳಿ ಇಲ್ಲದ ನಸುಕಿನಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ. ತಣ್ಣನೆ ಗಾಳಿ ಭಾರ, ಅದು ರಾತ್ರಿಯಿಡೀ ಜಾರಿ ಕೆಳಗಿನ ಗದ್ದೆ ಬಯಲಲ್ಲಿ ಮಂಜಿನ ಜೊತೆ ಕೂತಿರುತ್ತದೆ. ನೀವು ಸ್ವಲ್ಪ ಮೇಲೆ ಹತ್ತಿದ ಕೂಡಲೇ ಹಿತ ಅನ್ನಿಸಿರಬೇಕು, ಅಲ್ವಾ?

ಥರ್ಮಾಮೀಟರ್ ತೋರಿಸುವ ಅಂಕಿ ಸೈಕಲ್ ಮೇಲಿರುವವರಿಗೆ ಅರ್ಧ ಸುದ್ದಿ ಮಾತ್ರ. ಉಳಿದರ್ಧ ಗಾಳಿ. ಹವಾಮಾನದವರು ಬಳಸುವ ಲೆಕ್ಕದಲ್ಲಿ, 10 ಡಿಗ್ರಿ ಇರುವಾಗ ಗಂಟೆಗೆ 40 ಕಿ.ಮೀ. ವೇಗದ ಗಾಳಿ ಬಡಿದರೆ ಬರೀ ಚರ್ಮಕ್ಕೆ ಅದು 6 ಡಿಗ್ರಿಯ ಹಾಗೆ ಅನ್ನಿಸುತ್ತದೆ. ಗಿರಿಯಿಂದ ಇಳಿಯುವಾಗ ಅಷ್ಟು ವೇಗ ಸುಲಭವಾಗಿ ಬರುತ್ತದೆ. ಇದರ ಮೇಲೆ ಬೆವರು ಬೇರೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆದುಕೊಳ್ಳುತ್ತದೆ. ಒದ್ದೆ ಪ್ಯಾಂಟಿನ ಅಂಚು ಮಂಡಿಗೆ ಅಂಟಿಕೊಂಡಿದ್ದರೆ ಮಂಡಿ ತಣ್ಣಗಾಗಲು ಜಾಸ್ತಿ ಹೊತ್ತು ಬೇಕಿಲ್ಲ.

ಈಗ ನಿಮ್ಮ ಭಾನುವಾರಕ್ಕೆ ಬರೋಣ. ಹತ್ತುವಾಗ ನಿಮ್ಮ ವೇಗ ಗಂಟೆಗೆ ಆರೇಳು ಕಿ.ಮೀ. ಇರಬಹುದು. ಗಾಳಿ ಬಡಿಯುವುದಿಲ್ಲ, ತೊಡೆ ಸ್ನಾಯು ಒಲೆಯಂತೆ ಉರಿಯುತ್ತಿರುತ್ತದೆ, ಮೈ ಬೆವರುತ್ತದೆ. ಮಂಡಿ ಬೆಚ್ಚಗೇ ಇರುತ್ತದೆ. ಮೇಲೆ ಹೋಗಿ ನಿಲ್ಲುತ್ತೀರಿ, ಫೋಟೋ ತೆಗೆಯುತ್ತೀರಿ, ಎರಡು ಮಾತಾಡುತ್ತೀರಿ. ಅಷ್ಟರಲ್ಲಿ ಬೆವರು ಆರಲು ಶುರು. ಆಮೇಲೆ ಇಳಿಜಾರು. ಇಪ್ಪತ್ತು ಇಪ್ಪತ್ತೈದು ನಿಮಿಷ ನೀವು ಪೆಡಲ್ ತುಳಿಯುವುದೇ ಇಲ್ಲ. ಕಾಲು ಒಂದೇ ಭಂಗಿಯಲ್ಲಿ ಮಡಚಿ ನಿಂತಿರುತ್ತದೆ, ಸ್ನಾಯುವಿಗೆ ಕೆಲಸ ಇಲ್ಲ, ಬಿಸಿ ಹುಟ್ಟುವುದಿಲ್ಲ. ಕಾಲು ಮಡಚಿದಾಗ ಮುಕ್ಕಾಲು ಪ್ಯಾಂಟ್ ಮೇಲೆ ಸರಿದು ಮಂಡಿ ಅರ್ಧ ತೆರೆದೇ ಇದೆ. ಗಾಳಿ ಬಡಿಯುತ್ತಲೇ ಇರುತ್ತದೆ.

ಕೈಮರಕ್ಕೆ ಬರುವ ಹೊತ್ತಿಗೆ ನಿಮ್ಮ ಕಾಲು ಹಾಸಿಗೆಯಿಂದ ಈಗ ಎದ್ದ ಕಾಲಿಗಿಂತ ತಣ್ಣಗಿರುತ್ತದೆ. ಆದರೆ ಮನಸ್ಸಿಗೆ ಹಾಗೆ ಅನ್ನಿಸುವುದಿಲ್ಲ. ಗಂಟೆಗಟ್ಟಲೆ ತುಳಿದಿದ್ದೇನೆ, ಮೈ ಬಿಸಿಯಾಗಿದೆ ಎಂದೇ ನೀವು ಅಂದುಕೊಳ್ಳುತ್ತೀರಿ. ಅದರ ಜೊತೆಗೆ ಇಳಿಯುವಾಗ ಹಾಕಿದ್ದ ಭಾರದ ಗೇರೇ ಹಾಗೇ ಉಳಿದಿರುತ್ತದೆ. ಸಣ್ಣ ಏರು ಎದುರಾದ ಕೂಡಲೇ, ಇಷ್ಟೇ ಅಲ್ವಾ ಎಂದು ಅದೇ ಗೇರಿನಲ್ಲಿ ಒತ್ತಿ ತುಳಿಯುತ್ತೀರಿ. ತಣ್ಣಗೆ ಬಿಗಿದ ನಾರುಪಟ್ಟಿಯ ಮೇಲೆ ಜೋರಾದ ಎಳೆತ ಬೀಳುವುದು ಇಳಿದು ಮುಗಿದ ಮೇಲಿನ ಈ ಹತ್ತು ನಿಮಿಷದಲ್ಲಿ. ಚಳಿಗಾಲದಲ್ಲಿ ಗುಡ್ಡದೂರಿನ ಸೈಕಲ್ ಸವಾರರು ಮಂಡಿಯನ್ನು ಕಾಯಬೇಕಾದ ಹೊತ್ತು ಅದು. ಇಡೀ ಉತ್ತರದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಏನು ಮಾಡಬೇಕು? ಮೇಲೆ ತಲುಪಿದ ಕೂಡಲೇ, ಬೆವರು ಆರುವ ಮೊದಲೇ ಜರ್ಕಿನ್ ಹಾಕಿಕೊಳ್ಳಿ. ಒಂದು ಒಣ ಬನಿಯನ್ನೋ ಟೀ ಶರ್ಟೋ ಚೀಲದಲ್ಲಿದ್ದರೆ ಬದಲಾಯಿಸಿ. ಮೈಯ ನಡುಭಾಗ ತಣ್ಣಗಾದರೆ ದೇಹ ಮೊದಲು ಕೈಕಾಲಿನ ರಕ್ತವನ್ನೇ ಕಡಿಮೆ ಮಾಡುತ್ತದೆ, ಹಾಗಾಗಿ ಎದೆಯನ್ನು ಬೆಚ್ಚಗಿಡುವುದೂ ಮಂಡಿಯ ಆರೈಕೆಯೇ. ಜರ್ಕಿನ್ ಮರೆತು ಬಂದಿದ್ದರೆ ಟೀ ಅಂಗಡಿಯಲ್ಲಿ ಹಳೇ ಪೇಪರ್ ಕೇಳಿ ತಗೊಂಡು ಎದೆಗೂ ಬಟ್ಟೆಗೂ ನಡುವೆ ಹಾಸಿಕೊಳ್ಳಿ. ಯುರೋಪಿನ ದೊಡ್ಡ ರೇಸುಗಳಲ್ಲಿ ಬೆಟ್ಟ ಇಳಿಯುವ ಮೊದಲು ಸವಾರರು ಹೀಗೆ ಮಾಡುತ್ತಿದ್ದರು. ಗಾಳಿ ತಡೆಯಲು ಪೇಪರ್ ನಿಜಕ್ಕೂ ಒಳ್ಳೆಯದು.

ಇಳಿಯುವಾಗ ನೇರ ರಸ್ತೆ ಸಿಕ್ಕ ಕಡೆಯಲ್ಲೆಲ್ಲ ಕಾಲು ಆಡಿಸಿ. ಬಲ ಹಾಕಬೇಕಿಲ್ಲ, ಪೆಡಲ್ ತಿರುಗಿದರೆ ಸಾಕು. ಹಿಂದಕ್ಕೆ ತಿರುಗಿಸಿದರೂ ಆಯಿತು. ತಿರುವುಗಳಲ್ಲಿ ಮಾತ್ರ ಬೇಡ, ಅಲ್ಲಿ ಒಳಬದಿಯ ಪೆಡಲ್ ಮೇಲಿರಬೇಕು, ಗಮನವೆಲ್ಲ ಬ್ರೇಕಿನ ಮೇಲಿರಬೇಕು. ಭಾನುವಾರ ಗಿರಿಗೆ ಹೋಗುವ ಪ್ರವಾಸಿಗರ ಗಾಡಿಗಳ ಸಾಲು ನಿಮಗೇ ಗೊತ್ತು. ನಡುವೆ ಬಿಸಿಲು ಬಿದ್ದಿರುವ ಜಾಗ ನೋಡಿ ಒಂದೆರಡು ಸಲ ನಿಲ್ಲಿ, ಇಳಿದು ನಾಲ್ಕು ಹೆಜ್ಜೆ ಓಡಾಡಿ.

ಕೆಳಗೆ ಬಂದು ರಸ್ತೆ ಸಮತಟ್ಟಾಗುವ ಸ್ವಲ್ಪ ಮೊದಲೇ ಗೇರ್ ಹಗುರ ಮಾಡಿ. ಆಮೇಲೆ ಹತ್ತು ನಿಮಿಷ, ಯಾರೇ ಪಕ್ಕದಿಂದ ದಾಟಿ ಹೋಗಲಿ, ಹಗುರವಾಗಿ ಬೇಗ ಬೇಗ ತುಳಿಯಿರಿ. ಆ ಸಣ್ಣ ಏರನ್ನು ನಿಮಗಿರುವ ಅತಿ ಹಗುರ ಗೇರಿನಲ್ಲಿ ಹತ್ತಿ. ಸೀಟಿನಿಂದ ಎದ್ದು ನಿಂತು ತುಳಿಯಬೇಡಿ. ಈ ಒಂದು ಬದಲಾವಣೆಯಿಂದಲೇ ನೋವು ಎಷ್ಟು ಇಳಿಯುತ್ತದೆ ನೋಡಿ.

ಇನ್ನು ಚೈನ್‌ವೀಲ್ ವಿಷಯ. ಇದನ್ನು ಸ್ವಲ್ಪ ಒತ್ತಿಯೇ ಹೇಳುತ್ತೇನೆ. ನಿಮ್ಮಂಥ 21 ಗೇರಿನ ಸೈಕಲ್‌ಗಳಲ್ಲಿ ಮುಂದೆ ಸಾಮಾನ್ಯವಾಗಿ 28, 38, 48 ಹಲ್ಲಿನ ಮೂರು ಚಕ್ರ ಇರುತ್ತವೆ. ಗುಡ್ಡ ಹತ್ತಲೆಂದೇ ಇಟ್ಟಿರುವುದು 28ರದ್ದು. ನೀವು ಅದನ್ನು ಬಿಟ್ಟು 38ರಲ್ಲಿ ಹತ್ತುತ್ತಿದ್ದೀರಿ. ಅದೇ ವೇಗದಲ್ಲಿ 28ಕ್ಕೆ ಹಾಕಿದರೆ ಪೆಡಲ್ ಮೇಲೆ ಹಾಕಬೇಕಾದ ಬಲ ಕಾಲು ಭಾಗಕ್ಕಿಂತ ಹೆಚ್ಚೇ ಕಡಿಮೆಯಾಗುತ್ತದೆ. ಕಾಲು ಜಾಸ್ತಿ ಸಲ ತಿರುಗುತ್ತದೆ, ಅಷ್ಟೇ. ಮಂಡಿಗೆ ಸಲದ ಲೆಕ್ಕಕ್ಕಿಂತ ಒತ್ತಡದ ಲೆಕ್ಕ ಮುಖ್ಯ. ನಿಮಿಷಕ್ಕೆ 50 ಸುತ್ತು ತುಳಿಯುವವರು, 80 ಸುತ್ತು ತುಳಿಯುವವರಷ್ಟೇ ಶಕ್ತಿ ಹೊರಡಿಸಬೇಕಾದರೆ ಪ್ರತಿ ತುಳಿತಕ್ಕೂ 1.6 ಪಟ್ಟು ಬಲ ಹಾಕಬೇಕು. 80ರ ಲೆಕ್ಕದಲ್ಲಿ ಗಂಟೆಗೆ 4,800 ತುಳಿತ. ಪ್ರತಿಯೊಂದರಲ್ಲೂ ಒಂದಿಷ್ಟು ಭಾರ ಕಡಿಮೆಯಾದರೆ ಮಂಡಿಗೆ ಎಷ್ಟು ಹಗುರ ಎಂದು ನೀವೇ ಲೆಕ್ಕ ಹಾಕಿ, ಶಿಕ್ಷಕಿ ನೀವು.

ಚೈನ್ ಕಟಕಟ ಎನ್ನುವುದಕ್ಕೆ ಹೆಚ್ಚಿನ ಸಲ ಕಾರಣ ತುಂಬಾ ಸಣ್ಣದು. ಹೊಸ ಸೈಕಲ್‌ನ ಗೇರ್ ಕೇಬಲ್ ಮೊದಲ ಕೆಲವು ತಿಂಗಳಲ್ಲಿ ಸ್ವಲ್ಪ ಸಡಿಲವಾಗುತ್ತದೆ. ಚೈನನ್ನು ಸರಿಸುವ ಮುಂದಿನ ಪಟ್ಟಿ ತನ್ನ ಜಾಗ ಬಿಟ್ಟು ಚೈನಿಗೆ ಉಜ್ಜುತ್ತದೆ. ಇನ್ನೊಂದು ಕಾರಣ, ಮುಂದೆ ಸಣ್ಣ ಚಕ್ರ, ಹಿಂದೆಯೂ ಸಣ್ಣ ಚಕ್ರ ಹಾಕಿದರೆ ಚೈನ್ ಓರೆಯಾಗಿ ಓಡಿ ಸದ್ದು ಮಾಡುತ್ತದೆ. ಮುಂದೆ ಸಣ್ಣದು ಹಾಕಿದಾಗ ಹಿಂದೆ ದೊಡ್ಡ ಮೂರ್ನಾಲ್ಕು ಚಕ್ರಗಳಲ್ಲೇ ಇರಿ. ಗೇರ್ ಸೈಕಲ್ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಒಮ್ಮೆ ಟ್ಯೂನ್ ಮಾಡಿಸಿ. ನೀ ಕ್ಯಾಪ್‌ಗೆ ದುಡ್ಡು ಹಾಕುವ ಮೊದಲು ಇದಕ್ಕೆ ಹಾಕಿ.

ನೀ ಕ್ಯಾಪ್ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಮೆಡಿಕಲ್‌ನಲ್ಲಿ ಸಿಗುವ ಬಿಗಿಯಾದ ಎಲಾಸ್ಟಿಕ್ ಚೀಲ ನಡೆಯುವವರಿಗೆ, ಮೆಟ್ಟಿಲು ಹತ್ತುವವರಿಗೆ ಸ್ವಲ್ಪ ಆಸರೆ ಕೊಡಬಹುದು. ಸೈಕಲ್‌ಗೆ ಅದನ್ನು ನಾನು ಹೇಳುವುದಿಲ್ಲ. ಮಂಡಿ ಪ್ರತಿ ಸುತ್ತಿಗೂ ಮಡಚುವುದರಿಂದ ಅದು ಹಿಂದುಗಡೆ ಮುದ್ದೆಯಾಗಿ ಚರ್ಮ ಉಜ್ಜುತ್ತದೆ. ಮುಂದೆ ಚಿಪ್ಪನ್ನು ಮೂಳೆಗೆ ಒತ್ತುತ್ತದೆ. ನೋವು ಇರುವುದೇ ಅಲ್ಲಿ. ಜೊತೆಗೆ ಅದು ಬೆವರು ಹಿಡಿದಿಟ್ಟು, ಇಳಿಯುವಾಗ ಒದ್ದೆ ಬಟ್ಟೆಯ ಕೆಲಸ ಮಾಡುತ್ತದೆ.

ನಿಮಗೆ ಬೇಕಾಗಿರುವುದು ಬೆಚ್ಚಗಿಡುವ ಬಟ್ಟೆ. ಸೈಕಲ್ ಸವಾರರಿಗೆಂದೇ ನೀ ವಾರ್ಮರ್ ಎಂಬ ತೋಳಿನಂಥ ಬಟ್ಟೆ ಸಿಗುತ್ತದೆ. ತೊಡೆಯ ನಡುವಿನಿಂದ ಮಂಡಿಯ ಕೆಳಗಿನವರೆಗೆ ಬರುತ್ತದೆ, ಒಳಗೆ ಮೆತ್ತನೆ ನವಿರು ಇರುತ್ತದೆ. ಬಿಸಿಲೇರಿದ ಮೇಲೆ ಶೂ ಬಿಚ್ಚದೆಯೇ ಎಳೆದು ತೆಗೆದು ಜೇಬಿಗೆ ಹಾಕಬಹುದು. ಪಾದದವರೆಗೂ ಬರುವ ಲೆಗ್ ವಾರ್ಮರ್ ಇನ್ನೂ ಬೆಚ್ಚಗೆ. ಇದಕ್ಕೆಲ್ಲ ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಹಳೇ ಉಣ್ಣೆ ಸ್ವೆಟರಿನ ತೋಳು ಕತ್ತರಿಸಿ, ಮೇಲಿನ ಅಂಚಿಗೆ ಸಡಿಲವಾಗಿ ಎಲಾಸ್ಟಿಕ್ ಹೊಲಿಸಿಕೊಳ್ಳಿ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗೇ ಇರುತ್ತದೆ. ಹತ್ತಿಗೆ ಆ ಗುಣ ಇಲ್ಲ. ಪೇಟೆಯಲ್ಲಿ ಸಿಗುವ ಹತ್ತಿ ಲೆಗ್ಗಿಂಗ್ಸ್ ವಾರದ ದಿನದ ಸಣ್ಣ ಸುತ್ತಿಗೆ ಸಾಕು, ಗಿರಿಗೆ ಬೇಡ. ಟ್ರ್ಯಾಕ್ ಪ್ಯಾಂಟ್ ಹಾಕುವುದಾದರೆ ಕೆಳಗೆ ಅಗಲ ಇರಬಾರದು, ಬಲಗಾಲಿನದ್ದು ಚೈನಿಗೆ ಸಿಕ್ಕಿದರೆ ಮಂಡಿಗಿಂತ ದೊಡ್ಡ ಪೆಟ್ಟಾಗುತ್ತದೆ. ಏನೇ ಹಾಕಿದರೂ ಮಂಡಿ ಪೂರ್ತಿ ಮಡಚಿದಾಗ ಬಟ್ಟೆ ಚಿಪ್ಪನ್ನು ಒತ್ತಬಾರದು. ಅಂಗಡಿಯಲ್ಲೇ ಕುಕ್ಕರಿಸಿ ನೋಡಿ ತೆಗೆದುಕೊಳ್ಳಿ.

ಎಷ್ಟು ಡಿಗ್ರಿಗೆ ಮಂಡಿ ಮುಚ್ಚಬೇಕು? ಹಳೇ ಸೈಕಲ್ ಕೋಚ್‌ಗಳು 18, 20 ಡಿಗ್ರಿಗಿಂತ ಕೆಳಗೆ ಹೋದರೆ ಮುಚ್ಚಿ ಎನ್ನುತ್ತಾರೆ. ಅದು ಅನುಭವದ ಮಾತು, ಪ್ರಯೋಗಾಲಯದಲ್ಲಿ ಅಳೆದು ಇಟ್ಟ ಗೆರೆ ಅಲ್ಲ. ಆದರೂ ಒಳ್ಳೆಯ ಮಾತು, ಮುಚ್ಚಿಕೊಂಡರೆ ಕಳೆದುಕೊಳ್ಳುವುದು ಏನೂ ಇಲ್ಲ. ಆ ಲೆಕ್ಕದಲ್ಲಿ ಚಿಕ್ಕಮಗಳೂರು, ಹಾಸನ, ಸಕಲೇಶಪುರದ ಕಡೆ ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಬೆಳಗಿನ ಸವಾರಿಗೆ ಮಂಡಿ ಮುಚ್ಚಿಯೇ ಹೊರಡಬೇಕು. ಜುಲೈನ ಜಡಿಮಳೆಯಲ್ಲೂ ಅಷ್ಟೇ. ಆಗ ಥರ್ಮಾಮೀಟರ್ 19 ತೋರಿಸಿದರೂ ಒದ್ದೆ ಕಾಲಿಗೆ ಗಾಳಿ ಬಡಿಯುತ್ತಿರುತ್ತದೆ.

ಬಾಮ್ ಹಚ್ಚಿದರೆ ಚರ್ಮ ಬಿಸಿಯಾದ ಹಾಗೆ ಅನ್ನಿಸುತ್ತದೆ. ಕೀಲಿನ ಒಳಗೆ ಆ ಬಿಸಿ ಇಳಿಯುವುದಿಲ್ಲ. ರಾತ್ರಿ ಮಲಗುವಾಗ ಹಚ್ಚಿ ತಿಕ್ಕಿಕೊಂಡರೆ ಹಿತ ಅನ್ನಿಸುತ್ತದಾದರೆ ನನ್ನ ಅಡ್ಡಿ ಇಲ್ಲ. ಸವಾರಿಗೆ ಮುಂಚೆ ಹಚ್ಚಿಕೊಂಡು ಮಂಡಿ ಬರಿದೇ ಬಿಟ್ಟು ಹೊರಡುವುದು ಮಾತ್ರ ಬೇಡ. ಉರಿ ಇರುವುದರಿಂದ ಚಳಿಯೂ ಗೊತ್ತಾಗುವುದಿಲ್ಲ, ನೋವಿನ ಮೊದಲ ಸೂಚನೆಯೂ ಗೊತ್ತಾಗುವುದಿಲ್ಲ. ವಾಪಸ್ ಬಂದ ಮೇಲೆ ಹಂಡೆಯ ಬಿಸಿನೀರಿನ ಸ್ನಾನ ಒಳ್ಳೆಯದು. ಮಂಡಿ ಊದಿಕೊಂಡಿದ್ದರೆ ಮಾತ್ರ ಬಿಸಿ ಬೇಡ, ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ ಇಡಿ.

ವಾರದ ದಿನಗಳ ಕಡೂರು ರಸ್ತೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲಿ ತೊಂದರೆ ಕೊಡುವುದು ಮೂಡಗಾಳಿ. ಎದುರುಗಾಳಿಯಲ್ಲಿ ತುಳಿಯುವುದೂ ಏರು ಹತ್ತಿದ ಹಾಗೇ, ಹಾಗಾಗಿ ವೇಗ ಉಳಿಸಿಕೊಳ್ಳಲು ಹೋಗಬೇಡಿ, ಗೇರ್ ಇಳಿಸಿ. ಹೊರಡುವ ಮೊದಲು ಮನೆಯೊಳಗೇ ಐದು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ನಿಂತಲ್ಲೇ ಹೆಜ್ಜೆ ಹಾಕುವುದು, ಕುರ್ಚಿಯಿಂದ ಹತ್ತು ಹದಿನೈದು ಸಲ ಎದ್ದು ಕೂರುವುದು, ಕಾಲನ್ನು ಹಿಂದೆ ಮುಂದೆ ಬೀಸುವುದು ಸಾಕು. ತಣ್ಣಗಿರುವ ಸ್ನಾಯುವನ್ನು ಎಳೆದು ಹಿಡಿದು ನಿಲ್ಲುವುದು ಬೇಡ, ಅದನ್ನು ವಾಪಸ್ ಬಂದ ಮೇಲೆ ಮಾಡಿ. ರಸ್ತೆಗೆ ಬಿದ್ದ ಮೇಲೂ ಮೊದಲ ಹತ್ತು ಹದಿನೈದು ನಿಮಿಷ ಮಾತಾಡಿಕೊಂಡು ತುಳಿಯುವಷ್ಟು ಹಗುರ ಇರಲಿ.

ಸೀಟಿನ ಎತ್ತರ ನೀವು ಬರೆದಿಲ್ಲ, ಆದರೆ ಕೇಳಲೇಬೇಕು. ಚಿಪ್ಪಿನ ಮುಂದೆ, ಕೆಳಗೆ ನೋವು ಎಂದು ಬರುವವರಲ್ಲಿ ಸೀಟು ತಗ್ಗಾಗಿರುವುದು ತುಂಬಾ ಸಾಮಾನ್ಯ. ಬೀಳುತ್ತೇನೆ ಎಂಬ ಭಯಕ್ಕೆ ಕೂತಲ್ಲೇ ಎರಡೂ ಪಾದ ನೆಲಕ್ಕೆ ಎಟುಕುವಂತೆ ಸೀಟು ಇಳಿಸಿಕೊಂಡಿರುತ್ತಾರೆ. ಆಗ ಪ್ರತಿ ಸುತ್ತಿಗೂ ಮಂಡಿ ಅತಿಯಾಗಿ ಮಡಚುತ್ತದೆ, ಮಡಚಿದಷ್ಟೂ ಚಿಪ್ಪಿನ ಹಿಂದಿನ ಒತ್ತಡ ಏರುತ್ತದೆ. ಪರೀಕ್ಷೆ ಸುಲಭ. ಗೋಡೆಗೆ ಒರಗಿ ಸೀಟಿನ ಮೇಲೆ ಕೂತು ಪೆಡಲನ್ನು ತೀರಾ ಕೆಳಗೆ ತನ್ನಿ. ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ಪಕ್ಕಕ್ಕೆ ವಾಲದೆ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮಂಡಿ ಕೆಳಗಿನ ತುದಿಯಲ್ಲಿ 25ರಿಂದ 35 ಡಿಗ್ರಿಯಷ್ಟು ಮಡಚಿರುತ್ತದೆ, ಅದೇ ಸರಿಯಾದ ಎತ್ತರ. ಏರಿಸುವುದಿದ್ದರೆ ಒಂದು ಸಲಕ್ಕೆ ನಾಲ್ಕೈದು ಮಿಲಿಮೀಟರ್ ಏರಿಸಿ, ಒಂದು ವಾರ ತುಳಿದು ನೋಡಿ. ಒಮ್ಮೆಲೇ ಜಾಸ್ತಿ ಏರಿಸಿದರೆ ನೋವು ಮಂಡಿಯ ಹಿಂದಕ್ಕೆ ಹೋಗುತ್ತದೆ. ಚಳಿಗೆಂದು ದಪ್ಪ ಅಟ್ಟೆಯ ಶೂ ಹಾಕಲು ಶುರು ಮಾಡಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಅಟ್ಟೆ ದಪ್ಪವಾದಷ್ಟು ಸೀಟು ತಗ್ಗಿದ ಹಾಗೆ.

ಓದುವ ಬೇರೆಯವರಿಗಾಗಿ ಒಂದು ಮಾತು. ಮಂಡಿಯ ಹೊರಬದಿಯಲ್ಲಿ ನೋವಿದ್ದರೆ ಸೊಂಟದಿಂದ ಇಳಿಯುವ ಉದ್ದನೆ ನಾರುಪಟ್ಟಿ ಉಜ್ಜಿಕೊಳ್ಳುತ್ತಿರಬಹುದು, ಸೀಟು ತುಸು ಎತ್ತರ ಇರಬಹುದು. ಒಳಬದಿಯಲ್ಲಿದ್ದರೆ ಪಾದ ಪೆಡಲ್ ಮೇಲೆ ಕೂರುವ ಕೋನ ನೋಡಿಕೊಳ್ಳಿ, ಅದರಲ್ಲೂ ಶೂವನ್ನು ಪೆಡಲಿಗೆ ಸಿಕ್ಕಿಸಿ ತುಳಿಯುವವರು. ಇವೆಲ್ಲ ಚಳಿಯಲ್ಲಿ ಜಾಸ್ತಿ ಗೊತ್ತಾಗುತ್ತವೆ. ಬೇಸಿಗೆಯಲ್ಲಿ ಬೆಚ್ಚಗಿನ ಕಾಲು ತಡೆದುಕೊಂಡಿದ್ದ ಸಣ್ಣ ದೋಷವನ್ನು ತಣ್ಣನೆ ಕಾಲು ತಡೆದುಕೊಳ್ಳುವುದಿಲ್ಲ.

ನಿಮ್ಮ ಈಗಿನ ನೋವಿಗೆ ವ್ಯಾಯಾಮವೂ ಬೇಕು. ನಾರುಪಟ್ಟಿ ಬರೀ ವಿಶ್ರಾಂತಿಯಿಂದ ಗಟ್ಟಿಯಾಗುವುದಿಲ್ಲ, ಹದವಾದ ಭಾರ ಹಾಕಿದರೆ ಗಟ್ಟಿಯಾಗುತ್ತದೆ. ಅದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು. ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯಲ್ಲಿ ಅರ್ಧ ಕೂತಷ್ಟು ಕೆಳಗೆ ಜಾರಿ 30ರಿಂದ 45 ಸೆಕೆಂಡು ನಿಲ್ಲಿ. ಒಂದೆರಡು ನಿಮಿಷ ಬಿಟ್ಟು ಮತ್ತೆ, ಹೀಗೆ ನಾಲ್ಕೈದು ಸಲ. ನೋವಾದರೆ ಅಷ್ಟು ಕೆಳಗೆ ಹೋಗಬೇಡಿ. ಎರಡು ವಾರದ ಮೇಲೆ ಮನೆಯ ಒಂದು ಮೆಟ್ಟಿಲ ಮೇಲೆ ನಿಂತು, ಇನ್ನೊಂದು ಕಾಲನ್ನು ನಿಧಾನವಾಗಿ ನೆಲಕ್ಕೆ ತಾಗಿಸಿ ಮೇಲೆ ತನ್ನಿ. ಮೇಲೆ ನಿಂತ ಕಾಲಿನ ಮಂಡಿ ಒಳಕ್ಕೆ ವಾಲಬಾರದು. ವಾಲುತ್ತಿದ್ದರೆ ಸೊಂಟದ ಪಕ್ಕದ ಸ್ನಾಯು ಸೋತಿದೆ ಎಂದು ಅರ್ಥ. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತಿ ಇಳಿಸುವುದನ್ನೂ ಸೇರಿಸಿಕೊಳ್ಳಿ. ಚಿಪ್ಪಿನ ಸುತ್ತಲಿನ ನೋವು ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ ಕಾಣಿಸುತ್ತದೆ, ಸೊಂಟದ ವ್ಯಾಯಾಮದಿಂದ ಅದಕ್ಕೆ ಒಳ್ಳೆಯ ಫಲ ಸಿಗುತ್ತದೆ. ನೋವಿರುವ ದಿನಗಳಲ್ಲಿ ನೆಲದ ಮೇಲೆ ತುಂಬಾ ಹೊತ್ತು ಕುಕ್ಕರಿಸಿ ಕೂರುವ ಕೆಲಸ ಬೇರೆಯವರಿಗೆ ಬಿಡಿ.

ಎಷ್ಟು ನೋವಿದ್ದರೆ ತುಳಿಯಬಹುದು ಎಂದು ಕೇಳುತ್ತೀರಿ. ಸೊನ್ನೆಯಿಂದ ಹತ್ತರ ಲೆಕ್ಕದಲ್ಲಿ ಮೂರರವರೆಗೆ ಪರವಾಗಿಲ್ಲ, ಅದೂ ಮಾರನೇ ಬೆಳಿಗ್ಗೆಗೆ ಇಳಿದಿದ್ದರೆ. ನಿಮ್ಮ ಶಾಲೆಯ ಮೆಟ್ಟಿಲೇ ಒಳ್ಳೆಯ ಅಳತೆಗೋಲು. ಮಾರನೇ ದಿನ ಮೆಟ್ಟಿಲು ಇಳಿಯುವಾಗ ನೋವು ಹಿಂದಿಗಿಂತ ಜಾಸ್ತಿಯಾಗಿದ್ದರೆ ಹಿಂದಿನ ದಿನ ತುಳಿದದ್ದು ಜಾಸ್ತಿಯಾಯಿತು. ಅರ್ಧಕ್ಕೆ ಇಳಿಸಿ. ಎರಡು ವಾರ ಮೆಟ್ಟಿಲು ಸುಮ್ಮನಿದ್ದರೆ ಭಾನುವಾರದ ಏರಿಗೆ ವಾಪಸ್ ಹೋಗಿ, ಮೊದಲು ಕೈಮರದವರೆಗೆ, ಆಮೇಲೆ ಸ್ವಲ್ಪ ಸ್ವಲ್ಪ ಮೇಲಕ್ಕೆ.

ಕೆಲವು ಲಕ್ಷಣ ಕಂಡರೆ ಮಾತ್ರ ಈ ಯಾವುದನ್ನೂ ಮಾಡುತ್ತಾ ಕೂರಬೇಡಿ, ಮೂಳೆ ವೈದ್ಯರನ್ನು ನೋಡಿ. ಮಂಡಿ ಕಣ್ಣಿಗೆ ಕಾಣುವಷ್ಟು ಊದಿಕೊಳ್ಳುವುದು, ನಡೆಯುವಾಗ ಮಂಡಿ ಕುಸಿಯುವುದು, ಮಡಚಿದ ಮಂಡಿ ಬಿಚ್ಚಲಾಗದೆ ಸಿಕ್ಕಿಕೊಳ್ಳುವುದು, ರಾತ್ರಿ ನಿದ್ದೆ ಕೆಡಿಸುವ ನೋವು. ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರವೂ ಇದ್ದರೆ, ಅಥವಾ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಇದ್ಯಾವುದೂ ಇಲ್ಲದೆ, ಮೇಲೆ ಹೇಳಿದ್ದನ್ನೆಲ್ಲ ಮಾಡಿಯೂ ಆರು ವಾರದಲ್ಲಿ ನೋವು ಇಳಿಯದಿದ್ದರೆ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿ. ಹೋಗುವಾಗ ಸೈಕಲ್ಲನ್ನೂ ತೆಗೆದುಕೊಂಡು ಹೋಗಿ. ತುಳಿಯುವಾಗ ಹಾಕುವ ಶೂ, ಪ್ಯಾಂಟ್ ಹಾಕಿಕೊಂಡೇ ಹೋಗಿ, ಅವರೆದುರಿಗೆ ಸೀಟಿನ ಮೇಲೆ ಕೂತು ಪೆಡಲ್ ತಿರುಗಿಸಿ ತೋರಿಸಿ. ಮಂಚದ ಮೇಲೆ ಮಲಗಿಸಿ ನೋಡಿದ ಮಂಡಿಯಲ್ಲಿ ಕಾಣದ್ದು ಅಲ್ಲಿ ಎರಡೇ ನಿಮಿಷದಲ್ಲಿ ಕಾಣಬಹುದು.